ಅತ್ತಿಗೆಯ ನಿದ್ದೆ, ನನ್ನ ಸೀನು

ನಮ್ಮ ಅತ್ತಿಗೆ ಮಾತಾಡುತ್ತಾಳೆ ಎಂದರೆ ಏನೂ ಹೇಳಿದಂತಾಗುವುದಿಲ್ಲ. ನಲ್ಲಿಯಲ್ಲಿ ನೀರು ಬರುತ್ತದೆ, ನಮ್ಮ ಅತ್ತಿಗೆಯ ಬಾಯಲ್ಲಿ ಮಾತು ಬರುತ್ತದೆ. ವ್ಯತ್ಯಾಸ ಇಷ್ಟೇ, ನಲ್ಲಿ ಆಗಾಗ ನಿಲ್ಲುತ್ತದೆ. ಹಲ್ಲಿನ ನಡುವೆ ನೂಲು ಕಚ್ಚಿಕೊಂಡಿದ್ದರೂ, ಬಾಯಿತುಂಬ ತುತ್ತು ಇಟ್ಟುಕೊಂಡಿದ್ದರೂ ಯಾವುದಾದರೂ ಸಂದಿಯಿಂದ ಮಾತು ಹೊರಗೆ ಬಂದೇ ಬರುತ್ತದೆ. ಅವಳು ಮದುವೆಯಾಗಿ ನಮ್ಮ ಮನೆಗೆ ಬಂದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಮೊದಲ ವಾರವೇ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು, "ಈ ಹುಡುಗಿ ಉಸಿರು ಯಾವಾಗ ತಗೊಳ್ತಾಳೆ, ಸ್ವಲ್ಪ ನೋಡಿ ಹೇಳೇ" ಎಂದು ಪಿಸುಗುಟ್ಟಿದ್ದಳು. ನಾನು ನೋಡಿದೆ. ಈಗಲೂ ನೋಡುತ್ತಿದ್ದೇನೆ. ಗೊತ್ತಾಗಿಲ್ಲ.

ನಮ್ಮದು ಹಾಸಿಗೆ ಅಂಗಡಿ. ಕೆಳಗೆ ಬೀದಿಗೆ ಮುಖ ಮಾಡಿ ಅಂಗಡಿ, ಅದರ ಹಿಂದೆ ಅರಳೆ ಹಿಂಜುವ ಯಂತ್ರವಿರುವ ಕೆಲಸದ ಕೋಣೆ, ಮೇಲೆ ಮನೆ. ಅಣ್ಣ ಯಂತ್ರ ನಡೆಸುತ್ತಾನೆ, ಗಿರಾಕಿಗಳ ಜೊತೆ ಚೌಕಾಸಿ ಮಾಡುತ್ತಾನೆ. ಅಮ್ಮ ಮೇಲೆ ಕೂತು ದಿಂಬಿನ ಗವಸು ಹೊಲಿಯುತ್ತಾಳೆ. ನಾನೂ ಅತ್ತಿಗೆಯೂ ಹಾಸಿಗೆಗೆ ದಬ್ಬಳ ಹಾಕುತ್ತೇವೆ. ದಬ್ಬಳ ಎಂದರೆ ಗೇಣುದ್ದದ ಸೂಜಿ. ಅರಳೆ ತುಂಬಿದ ಹಾಸಿಗೆಯನ್ನು ಗೋಡೆಯ ಹಾಗೆ ನಿಲ್ಲಿಸಿ, ಅವಳು ಆ ಕಡೆ, ನಾನು ಈ ಕಡೆ ಕೂರುತ್ತೇವೆ. ಅವಳು ಅತ್ತಲಿಂದ ಚುಚ್ಚಿದ ದಬ್ಬಳವನ್ನು ನಾನು ಇತ್ತ ಎಳೆದುಕೊಂಡು, ಬೆರಳಗಲ ಬಿಟ್ಟು ವಾಪಸ್ಸು ಕಳಿಸಬೇಕು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದಿಲ್ಲ. ಸೂಜಿ ಎಲ್ಲಿ ತಲೆ ಹಾಕುತ್ತದೆ ಎಂದು ತಿಳಿಯಬೇಕಾದರೆ ಆ ಕಡೆಯವರ ದನಿ ಎಲ್ಲಿಂದ ಬರುತ್ತಿದೆ ಎಂದು ಕಿವಿಗೊಡಬೇಕು. ಅದಕ್ಕೇ ನಮ್ಮ ಕೆಲಸಕ್ಕೆ ಅತ್ತಿಗೆ ಒಂದು ಕಾನೂನು ಮಾಡಿದ್ದಳು. ಸುಮ್ಮನೆ ಕೂತು ಹೊಲಿಯುವ ಹಾಗಿಲ್ಲ. "ತುಟಿ ಬಿಗಿದುಕೊಂಡು ಕೂತ್ಯೋ, ಸೂಜಿ ನಿನ್ನ ಬೆರಳಿಗೇ ಬರುತ್ತೆ, ಆಮೇಲೆ ನನ್ನ ಬೈಬೇಡ" ಎನ್ನುತ್ತಿದ್ದಳು.

ನನಗೆ ಮಾತಿಗಿಂತ ಸೀನು ಹೆಚ್ಚು. ಅರಳೆಯ ಧೂಳಿನಲ್ಲೇ ಹುಟ್ಟಿ ಬೆಳೆದರೂ ನನ್ನ ಮೂಗು ಮಾತ್ರ ಈ ಕಸುಬನ್ನು ಇನ್ನೂ ಒಪ್ಪಿಕೊಂಡಿಲ್ಲ. ಅದೂ ಕರವಸ್ತ್ರದೊಳಗೆ ಮುಗಿದುಹೋಗುವ ಸೀನಲ್ಲ. ನಾನು ಮೂಗು ಉಜ್ಜಿಕೊಳ್ಳುವುದು ಕಂಡರೆ ಎದುರಿನ ಕ್ಷೌರದಂಗಡಿಯವನು ಗಿರಾಕಿಯ ಗಂಟಲಿನಿಂದ ಕತ್ತಿ ಎತ್ತಿ ಹಿಡಿದು ಕಾಯುತ್ತಾನೆ. ತಡೆಯಲು ಎಷ್ಟೋ ಸಲ ನೋಡಿದ್ದೆ, ನನ್ನಿಂದ ಆಗಿರಲಿಲ್ಲ. ಬೀದಿಯವರು ನನಗೆ ಸಿಡಿಗುಂಡು ಎಂದು ಹೆಸರಿಟ್ಟಿದ್ದಾರೆ. ಕೋಪವೂ ಸೀನಿನ ಹಾಗೆಯೇ ನನ್ನ ಮೂಗಿನ ತುದಿಯಲ್ಲೇ ಇರುವುದರಿಂದ ಆ ಹೆಸರು ಎರಡಕ್ಕೂ ಸಾಕಾಗುತ್ತದೆ. ಅತ್ತಿಗೆ ಒಬ್ಬಳೇ ನನ್ನ ಸೀನಿಗೆ ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ನಾನು ಸೀನಿದಾಗಲೆಲ್ಲ ಹಾಸಿಗೆಯ ಆ ಕಡೆಯಿಂದ "ಇದ್ದೀನಿ, ಇಲ್ಲೇ ಇದ್ದೀನಿ" ಎನ್ನುತ್ತಿದ್ದಳು, ಯಾರೋ ಹಾಜರಿ ಕೂಗಿದ ಹಾಗೆ. ನನ್ನನ್ನು ಆಡಿಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದೆ.

ಅವಳ ತಮಾಷೆಗಳಲ್ಲಿ ನಮಗೆಲ್ಲ ಬಾಯಿಪಾಠವಾಗಿದ್ದದ್ದು ಗೋದಾಮಿನ ಕತೆ. ಮದುವೆಗೆ ಮುಂಚೆ ಅವಳು ತನ್ನ ಊರಿನಲ್ಲಿ ಒಂದು ನೂಲಿನ ಗೋದಾಮಿನಲ್ಲಿ ಕೆಲಸಕ್ಕಿದ್ದಳು. ಒಂದು ಮಧ್ಯಾಹ್ನ ಆ ಗೋದಾಮಿನ ಚಾವಣಿ ಕುಸಿದು ಬಿತ್ತು. ಉಳಿದವರು ಊಟಕ್ಕೆ ಹೊರಗೆ ಹೋಗಿದ್ದರು, ಇವಳೊಬ್ಬಳು ಒಳಗಿದ್ದಳು. ಮಾರನೇ ದಿನ ಇವಳನ್ನು ಹೊರಗೆಳೆದರು. ಕಾಲಿನ ಮೇಲೆ ಉದ್ದಕ್ಕೂ ಗಾಯದ ಗುರುತಿದೆ. ಅದನ್ನು ನೋಡಿ ಕೇಳಿದವರಿಗೆಲ್ಲ, "ಒಂದಿಡೀ ಗೋದಾಮು ನನ್ನ ಮೇಲೆ ಕೂತಿತ್ತು ಕಣ್ರೀ, ಅದಕ್ಕೇ ನಾನು ಎತ್ತರ ಬೆಳೀಲಿಲ್ಲ" ಎನ್ನುತ್ತಿದ್ದಳು. "ಹೊಟ್ಟೆ ಹಸಿದು ನೂಲಿನ ಉಂಡೇನೇ ತಿಂದುಬಿಡೋಣ ಅನ್ನಿಸ್ತು. ಆಮೇಲೆ ಮಾಲೀಕ ಸಂಬಳದಲ್ಲಿ ಹಿಡ್ಕೊಂಡ್ರೆ ಏನು ಗತಿ ಅಂತ ಬಿಟ್ಟೆ." ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಅಲ್ಲಿಗೆ ಕತೆ ಮುಗಿಯಿತು ಎಂದು ನಾವು ತಿಳಿದಿದ್ದೆವು.

ಹೀಗಿರುವಾಗ ನಮ್ಮ ಪಕ್ಕದ ಹಳೇ ಕಟ್ಟಡವನ್ನು ಕೆಡವಲು ಜನ ಬಂದರು. ಮೂರು ಅಂತಸ್ತಿನ ಕಟ್ಟಡ, ಆನೆ ಗಾತ್ರದ ಗೋಡೆಗಳು. ಕೆಡವುವವರ ಮೇಸ್ತ್ರಿ ಮೊದಲೇ ಅಂಗಡಿಗೆ ಬಂದು, "ಸ್ವಲ್ಪ ಸದ್ದಾಗುತ್ತೆ ಸಾರ್, ಮೂರು ವಾರ ಸಹಿಸ್ಕೊಳ್ಳಿ" ಎಂದು ಅಣ್ಣನಿಗೆ ಹೇಳಿಹೋದ. ಮೇಸ್ತ್ರಿಗಳ ವಾರಕ್ಕೆ ಎಷ್ಟು ದಿನ ಎಂದು ಯಾರೂ ಕೇಳಲಿಲ್ಲ. ನಾಲ್ಕು ತಿಂಗಳು ಕೆಡವಿದರು. ನಾವು ಬೆಳಗ್ಗೆ ಅಂಗಡಿಯ ಬಾಗಿಲು ತೆರೆಯುವುದಕ್ಕೂ ಅವರು ಸುತ್ತಿಗೆ ಎತ್ತುವುದಕ್ಕೂ ಸರಿಹೋಗುತ್ತಿತ್ತು. ಧಡ್ ಎಂದು ಒಂದು ಗೋಡೆ ಉರುಳಿದರೆ ನಮ್ಮ ಕಪಾಟಿನ ದಿಂಬುಗಳು ಒಂದರ ಹಿಂದೆ ಒಂದು ನೆಲಕ್ಕೆ ಹಾರುತ್ತಿದ್ದವು. ಸುಣ್ಣದ ಧೂಳು ಅರಳೆಯ ಧೂಳಿಗೆ ಸೇರಿಕೊಂಡು ನನ್ನ ಮೂಗಿಗೂ ಕೈತುಂಬ ಕೆಲಸ.

ಮೊದಲ ಗೋಡೆ ಬಿದ್ದ ದಿನ ಅತ್ತಿಗೆಯ ಮುಖ ಸುಣ್ಣದಂತೆ ಬೆಳ್ಳಗಾದದ್ದನ್ನು ಅಣ್ಣ ನೋಡಿದ.

"ನಿಮ್ಮಕ್ಕನ ಮನೇಲಿ ಸ್ವಲ್ಪ ದಿನ ಇದ್ದು ಬಾ" ಎಂದ.

"ನಾನು ಹೋದ್ರೆ ಹಾಸ್ಟೆಲಿನ ಹಾಸಿಗೆಗಳಿಗೆ ದಬ್ಬಳ ಹಾಕೋರು ಯಾರ್ರೀ? ನಿಮ್ಮ ತಂಗಿ ಸೀನ್ತಾ ಸೀನ್ತಾ ಹೊಲಿದ್ರೆ ಮಲಗಿದವರು ಉರುಳಿ ಬೀಳ್ತಾರೆ" ಎಂದು ಅತ್ತಿಗೆ ನಕ್ಕಳು. ಆಗ ಒಂದು ಹೊಸ ಹಾಸ್ಟೆಲಿನ ಕೆಲಸ ನಮ್ಮ ಕೈಯಲ್ಲಿತ್ತು. ಅವಳು ಹೋಗಲಿಲ್ಲ.

ಆ ನಾಲ್ಕು ತಿಂಗಳು ಅತ್ತಿಗೆ ಇಬ್ಬರ ಕೆಲಸ ಮಾಡಿದಳು, ನಾಲ್ವರ ಮಾತು ಆಡಿದಳು. ಎಲ್ಲರಿಗಿಂತ ಮೊದಲು ಏಳುವುದು, ಎಲ್ಲರಿಗಿಂತ ಕೊನೆಗೆ ಮಲಗುವುದು, ನಡುವೆ ಒಂದು ಕ್ಷಣವೂ ಬೆನ್ನು ಒರಗಿಸದಿರುವುದು. ಕಪಾಟು ಒರೆಸಿದಳು, ಒರೆಸಿದ ಕಪಾಟನ್ನೇ ಮತ್ತೆ ಒರೆಸಿದಳು. ಪಕ್ಕದಲ್ಲಿ ಗೋಡೆ ಬೀಳುವಾಗ ಮಾತ್ರ ಒಂದು ವಿಚಿತ್ರ ನಡೆಯುತ್ತಿತ್ತು. ಆ ಕಡೆಯಿಂದ ಅವಳು ನೂಲನ್ನು ಎಷ್ಟು ಬಿಗಿಯಾಗಿ ಜಗ್ಗುತ್ತಿದ್ದಳೆಂದರೆ ಈ ಕಡೆ ನನ್ನ ಬೆರಳು ನೂಲಿನ ಜೊತೆ ಅರಳೆಯೊಳಗೆ ಹೋಗುತ್ತಿತ್ತು. ಒಬ್ಬ ಗಿರಾಕಿ ಹಾಸಿಗೆಯನ್ನು ತಲೆಯ ಮೇಲೆ ಹೊತ್ತು ವಾಪಸ್ಸು ತಂದು, "ನಾನು ಹಾಸಿಗೆ ಕೇಳಿದ್ದೆ, ಇದು ಮೇಜು" ಎಂದು ಇಳಿಸಿ ಹೋದ. ನಾವು ನಕ್ಕೆವು. ಇಡೀ ಬೀದಿ ಅವಳನ್ನು ಗಟ್ಟಿಗಿತ್ತಿ ಎಂದು ಹೊಗಳಿತು. ನಾನೂ ಎದೆಯುಬ್ಬಿಸಿ, "ನಮ್ಮ ಅತ್ತಿಗೆ ಅಂದ್ರೆ ಏನಂದ್ಕೊಂಡ್ರಿ" ಎಂದು ಹೇಳಿಕೊಂಡು ತಿರುಗಿದೆ.

ಕೊನೆಗೊಂದು ದಿನ ಕೊನೆಯ ಲಾರಿ ಕೊನೆಯ ಇಟ್ಟಿಗೆಚೂರುಗಳನ್ನು ತುಂಬಿಕೊಂಡು ಹೊರಟಿತು. ಮಾರನೇ ಬೆಳಗ್ಗೆ ಅಂಗಡಿ ತೆರೆದರೆ ಸದ್ದಿಲ್ಲ. ಅಣ್ಣ ಮೈಮುರಿದು, "ಅಬ್ಬಾ, ಬದುಕಿದ್ವಿ" ಎಂದ. ಅತ್ತಿಗೆ ಹಾಸಿಗೆಯ ಆ ಕಡೆ ಹೋಗಿ ಕೂತಳು. ಸೂಜಿ ಬರಲಿ ಎಂದು ನಾನು ಈ ಕಡೆ ಕಾದೆ. ಬರಲಿಲ್ಲ. ಮಾತೂ ಬರಲಿಲ್ಲ. ಬಗ್ಗಿ ನೋಡಿದರೆ, ಅವಳು ಒಂದು ಕೈಯಲ್ಲಿ ದಬ್ಬಳ, ಒಂದು ಕೈಯಲ್ಲಿ ನೂಲು ಹಿಡಿದು, ಎರಡನ್ನೂ ಮೊದಲ ಸಲ ಕಂಡವಳಂತೆ ನೋಡುತ್ತಿದ್ದಳು.

"ಕೈ ಎತ್ತೋಕೇ ಆಗ್ತಿಲ್ಲ ಕಣೇ" ಎಂದಳು. ಹಾಗೇ ಪಕ್ಕದ ಅರಳೆಯ ರಾಶಿಗೆ ವಾಲಿಕೊಂಡಳು.

ಅಂದಿನಿಂದ ಅತ್ತಿಗೆ ಮಂಚ ಹಿಡಿದಳು. ಮಲಗಿದ್ದಳು ಎನ್ನುವಂತಿಲ್ಲ, ಏಕೆಂದರೆ ರೆಪ್ಪೆಗೆ ರೆಪ್ಪೆ ಅಂಟುತ್ತಿರಲಿಲ್ಲ. ಚಾವಣಿ ನೋಡುವುದು, ಎರಡು ತುತ್ತು ತಿನ್ನುವುದು, ಮತ್ತೆ ಚಾವಣಿ ನೋಡುವುದು. ಏನಾಗುತ್ತಿದೆ ಎಂದು ಕೇಳಿದರೆ, "ಏನಿಲ್ಲ, ಸುಸ್ತು" ಎನ್ನುವಳು. ಎರಡೇ ಎರಡು ಪದ. ನಮ್ಮ ಅತ್ತಿಗೆಯ ಬಾಯಿಂದ. ಇಷ್ಟು ವರ್ಷ ಇವಳ ಮಾತಿಗೆ ತಲೆ ಚಿಟ್ಟು ಹಿಡಿಯುತ್ತದೆ ಎಂದು ಊರೆಲ್ಲ ದೂರುತ್ತಿದ್ದವಳು ಈಗ ಅವಳು ಒಂದು ಬೈಗುಳವಾದರೂ ಬೈಯಲಿ ಎಂದು ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ.

"ಸದ್ದಿದ್ದಾಗ ನೆಟ್ಟಗೆ ನಿಂತಿದ್ಲು. ಸದ್ದು ನಿಂತ ಮೇಲೆ ಯಾಕೆ ಬಿದ್ಲು?" ಎಂದು ಅಣ್ಣ ತಲೆಯ ಮೇಲೆ ಕೈಹೊತ್ತು ಕೂತ.

ಡಾಕ್ಟರನ್ನು ಕರೆತಂದೆವು. ಅವರು ಅಮ್ಮನ ವಯಸ್ಸಿನವರು, ಮೆಲುಮಾತಿನವರು. ರಕ್ತ ನೋಡಿದರು, ಎದೆ ನೋಡಿದರು, ಎಲ್ಲ ಸರಿಯಿತ್ತು. ಗೋದಾಮಿನ ವಿಷಯ ನಮ್ಮಿಂದ ಕೇಳಿ ತಿಳಿದುಕೊಂಡರು. ಆಮೇಲೆ ನಮ್ಮನ್ನು ಹೊರಗೆ ಕೂರಿಸಿಕೊಂಡು, "ಹಳೇ ಹೆದರಿಕೆ ನಾಲ್ಕು ತಿಂಗಳು ದಿನಾ ಬಂದು ಬಾಗಿಲು ಬಡಿದಿದೆ. ಅಷ್ಟು ದಿನಾನೂ ಇವರ ಮೈ ಓಡೋಕೆ ತಯಾರಾಗಿ ನಿಂತೇ ಇತ್ತು. ಈಗ ಕೂತಿದೆ. ಸದ್ದು ನಿಂತ ಮೇಲೇನೇ ಹೀಗಾಗೋದು, ಆಶ್ಚರ್ಯ ಪಡಬೇಡಿ. ಅವಸರ ಮಾಡಬೇಡಿ. ನಿದ್ದೆ ಒಂದು ಬಂದ್ರೆ ಅರ್ಧ ದಾರಿ ಬಂದ ಹಾಗೆ" ಎಂದರು. ಏಳುವಾಗ ಇನ್ನೊಂದು ಮಾತು ಸೇರಿಸಿದರು. "ಏನು ಹಿತ ಅನ್ಸುತ್ತೆ ಅಂತ ಅವರನ್ನೇ ಕೇಳಿ. ನೀವೇ ಊಹೆ ಮಾಡ್ಬೇಡಿ."

ಅಣ್ಣ ವಿಧೇಯನಾಗಿ ತಲೆಯಾಡಿಸಿದ. ಒಳಗೆ ಹೋಗಿ, "ಏನು ಬೇಕು ನಿನಗೆ?" ಎಂದು ಕೇಳಿದ. "ಏನೂ ಬೇಡ" ಎಂದಳು. ಕೇಳುವುದು ಮುಗಿಯಿತು. ಹೊರಗೆ ಬಂದವನೇ ಊಹೆ ಮಾಡಲು ಶುರುಮಾಡಿದ.

"ಸದ್ದೇ ಅಲ್ವಾ ಇವಳನ್ನ ಹೀಗೆ ಮಾಡಿದ್ದು? ಈ ಮನೇಲಿ ಸದ್ದು ಅನ್ನೋದೇ ಇಲ್ಲದ ಹಾಗೆ ಮಾಡ್ತೀನಿ ನೋಡ್ತಿರು."

ಬೇರೆ ಮನೆಯವರಾಗಿದ್ದರೆ ಕಿಟಕಿ ಮುಚ್ಚಿ ಸುಮ್ಮನಾಗುತ್ತಿದ್ದರು. ನಾವು ಹಾಸಿಗೆಯವರು. ಕೆಳಗಿದ್ದ ಹಾಸಿಗೆಗಳನ್ನೆಲ್ಲ ಹೊತ್ತು ತಂದು ಅತ್ತಿಗೆಯ ಕೋಣೆಯ ನಾಲ್ಕೂ ಗೋಡೆಗೆ ಒರಗಿಸಿದೆವು. ಕಿಟಕಿಗೆ ಎರಡು ಹಾಸಿಗೆ, ಬಾಗಿಲಿಗೆ ಒಂದು. ಸಂದಿಗೊಂದಿಗೆಲ್ಲ ಅರಳೆ ಗಿಡಿದೆವು. ಅಮ್ಮ ಹಗಲೆಲ್ಲ ಕೂತು ಕುರ್ಚಿ ಕಾಲುಗಳಿಗೆ ಪುಟ್ಟ ಪುಟ್ಟ ದಿಂಬು ಹೊಲಿದಳು. ಪಾತ್ರೆಗಳ ಕೆಳಗೂ ದಿಂಬು. ಕುಕ್ಕರ್ ಕೂಗುವಂತಿಲ್ಲ, ಚಪ್ಪಲಿ ಹಾಕುವಂತಿಲ್ಲ, ಹಿಂಜುವ ಯಂತ್ರ ಬಂದ್. ನಾನು ಕೈಯಲ್ಲೇ ಅರಳೆ ಹಿಂಜುತ್ತ ಮನಸ್ಸಿನಲ್ಲೇ ಅಣ್ಣನನ್ನು ಬೈಯುತ್ತ ಕೂತೆ. ಕ್ಷೌರದಂಗಡಿಯವನ ರೇಡಿಯೋ ಕೂಡ ನಮ್ಮ ಅಣ್ಣನ ಕಾಟಕ್ಕೆ ಬಾಯಿ ಮುಚ್ಚಿತು. ಅಂಗಡಿಯಲ್ಲಿ ಚೌಕಾಸಿಯೆಲ್ಲ ಕೈಸನ್ನೆಯಲ್ಲಿ ನಡೆಯಿತು. ಗಿರಾಕಿ ಬೆರಳು ಮಡಿಚುವುದು, ಅಣ್ಣ ಬೆರಳು ಬಿಡಿಸುವುದು, ಗಿರಾಕಿ ಎದೆ ಮುಟ್ಟಿಕೊಳ್ಳುವುದು, ಅಣ್ಣ ಆಕಾಶ ತೋರಿಸುವುದು. ಒಬ್ಬಾಕೆ, ಪಾಪ, ಅಣ್ಣನಿಗೆ ಹುಟ್ಟಾ ಮಾತು ಬರುವುದಿಲ್ಲ ಎಂದುಕೊಂಡು, ಚೌಕಾಸಿಯನ್ನೇ ಮಾಡದೆ ದಿಂಬು ತೆಗೆದುಕೊಂಡು ಹೋದಳು.

ಎಲ್ಲಕ್ಕಿಂತ ಕಷ್ಟವಾದದ್ದು ನನ್ನ ಮೂಗಿಗೆ. ಸೀನು ಬಂತೆಂದರೆ ನಾನು ಮೆಟ್ಟಿಲು ಹತ್ತಿ ತಾರಸಿಗೆ ಓಡಬೇಕು, ಅಲ್ಲಿಟ್ಟಿದ್ದ ಹಳೇ ರಜಾಯಿಯೊಳಗೆ ತಲೆ ತುರುಕಿ ಸೀನಬೇಕು. ಸೀನಿ, ಕೂದಲಿನ ತುಂಬ ಅರಳೆ ಮೆತ್ತಿಕೊಂಡು ಕೆಳಗಿಳಿಯುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು.

ಇಷ್ಟೆಲ್ಲ ಮಾಡಿದ ಮೇಲೆ ಅಣ್ಣ ಕೋಣೆಯ ಹೊರಗೆ ನಿಂತು ಒಂದು ಸಲ ಚಪ್ಪಾಳೆ ತಟ್ಟಿ ನೋಡಿದ. ಚಪ್ಪಾಳೆ ಹಾಸಿಗೆಗಳಲ್ಲೇ ಇಂಗಿಹೋಯಿತು. ಅವನ ಮುಖದಲ್ಲಿ ಗೆದ್ದ ಕಳೆ. ಆದರೆ ಅತ್ತಿಗೆ ದಿನದಿಂದ ದಿನಕ್ಕೆ ಇಳಿದುಹೋದಳು. ಕಣ್ಣು ಕೆಂಪಗೆ, ಕೆನ್ನೆ ಗುಳಿಬಿದ್ದು. ಯಾವಾಗ ಹಾಸಿಗೆ ಸರಿಸಿ ಇಣುಕಿದರೂ ಎದ್ದು ಕೂತು ಬಾಗಿಲನ್ನೇ ನೋಡುತ್ತಿರುತ್ತಿದ್ದಳು. ನಮ್ಮ ಮುಖ ಕಂಡೊಡನೆ ಏನೋ ಹೇಳಲು ಬಾಯಿ ತೆರೆಯುವಳು. ನಾವು ತುಟಿಯ ಮೇಲೆ ಬೆರಳಿಟ್ಟು, ಮಲಗು ಎಂದು ಸನ್ನೆ ಮಾಡಿ, ಹಾಸಿಗೆಯನ್ನು ಮತ್ತೆ ಬಾಗಿಲಿಗೆ ಒತ್ತಿ ಬರುತ್ತಿದ್ದೆವು.

ಅಣ್ಣನ ಊಹೆ ಅಲ್ಲಿಗೂ ನಿಲ್ಲಲಿಲ್ಲ. ಯಾರೋ ಹೇಳಿದರೆಂದು ಗುಡ್ಡದ ಮೇಲಿನ ಒಂದು ವಿಶ್ರಾಂತಿ ಮನೆಯನ್ನು ಗೊತ್ತುಮಾಡಿಕೊಂಡು ಬಂದ. "ಸುತ್ತ ಮೈಲಿಗಟ್ಟಲೆ ಒಂದು ನರಪಿಳ್ಳೇನೂ ಇಲ್ವಂತೆ. ಕೋಣೇಲಿ ಒಬ್ಬರೇ ಇರಬೇಕು. ನೋಡೋಕೆ ಯಾರೂ ಹೋಗೋ ಹಾಗಿಲ್ಲ. ಒಂದು ತಿಂಗಳಿದ್ರೆ ಸಾಕು, ಹೊಸ ಮನುಷ್ಯಳಾಗಿ ಬರ್ತಾಳೆ" ಎಂದು ಭಾನುವಾರದ ಬಸ್ಸಿನ ಟಿಕೆಟ್ಟು ತೋರಿಸಿದ. ನಮಗೆ ಹೊಸ ಮನುಷ್ಯಳು ಯಾಕೆ ಬೇಕು, ಹಳೆಯವಳೇ ಬೇಕಲ್ಲ ಎಂದು ನಾನು ಪಿಸುದನಿಯಲ್ಲಿ ಜಗಳವಾಡಿದೆ. ಪಿಸುದನಿಯ ಜಗಳದಲ್ಲಿ ಗೆದ್ದವರನ್ನು ನಾನಂತೂ ಕಂಡಿಲ್ಲ. ಅತ್ತಿಗೆಗೆ ವಿಷಯ ತಿಳಿಸಿದಾಗ ಅವಳು ಅಣ್ಣನ ಮುಖ ನೋಡಿ, "ಆಯ್ತು" ಎಂದಳು. ಪಾತ್ರೆಯ ಮುಚ್ಚಳ ಎತ್ತಿಡುವ ವಿಷಯಕ್ಕೂ ಅರ್ಧ ಗಂಟೆ ವಾದ ಮಾಡುತ್ತಿದ್ದವಳು. ಈ ಸ್ಥಿತಿಯಲ್ಲಿ ಹೋದರೆ ಇವಳು ನಮ್ಮ ಅತ್ತಿಗೆಯಾಗಿ ಮತ್ತೆ ಬರುವುದಿಲ್ಲ ಎಂದು ನನಗೆ ನಿಜವಾಗಿಯೂ ಭಯವಾಯಿತು.

ಶನಿವಾರ ಮಧ್ಯಾಹ್ನ ಅವಳ ಬಟ್ಟೆಗಳನ್ನು ಮಡಚಿ ಎರಡೂ ಕೈಯಲ್ಲಿ ಹೊತ್ತುಕೊಂಡು ಕೋಣೆಯ ಬಾಗಿಲ ಹತ್ತಿರ ಬಂದೆ. ಅಮ್ಮ ಪಕ್ಕದಲ್ಲಿದ್ದಳು. ಅಣ್ಣ ಚೀಲ ಹಿಡಿದು ಮೆಟ್ಟಿಲ ಮೇಲಿದ್ದ. ಬಾಗಿಲಿಗೆ ಒರಗಿಸಿದ್ದ ಹಾಸಿಗೆಯನ್ನು ಅಮ್ಮ ಸರಿಸಿದಾಗ ಸಂದಿಯ ಅರಳೆ ಸಡಿಲಾಗಿ, ಒಂದು ಎಳೆ ತೇಲುತ್ತ ತೇಲುತ್ತ ಬಂದು ಸೀದಾ ನನ್ನ ಮೂಗಿನೊಳಗೆ ಹೋಯಿತು. ಕೈ ಖಾಲಿಯಿಲ್ಲ. ತಾರಸಿಗೆ ಓಡಲು ಅಣ್ಣ ಅಡ್ಡ. ಅವನು ಕಣ್ಣು ಕೆಕ್ಕರಿಸಿ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಾನೆ. ಅಮ್ಮ ನನ್ನ ಬಾಯಿಗೆ ಅಂಗೈ ಒತ್ತಿದಳು. ಸೀನು ಬರುವುದು ಮೂಗಿನಿಂದ ಎಂದು ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ವಾರಗಟ್ಟಲೆ ರಜಾಯಿಯಲ್ಲಿ ಹೂತಿಟ್ಟ ಸೀನುಗಳೆಲ್ಲ ಒಟ್ಟಿಗೆ ಬಂದವೋ ಏನೋ. ಬಟ್ಟೆ ನಾಲ್ಕು ದಿಕ್ಕಿಗೆ ಹಾರಿತು. ಎದುರಿನ ಕ್ಷೌರದಂಗಡಿಯಲ್ಲಿ ಏನೋ ಕೆಳಗೆ ಬಿದ್ದ ಸದ್ದು ಕೇಳಿಸಿತು.

ಅದರ ಹಿಂದೆಯೇ ಕೋಣೆಯೊಳಗಿಂದ ಒಂದು ಕೂಗು ಬಂತು.

"ಇದ್ದೀನಿ! ಇಲ್ಲಿದ್ದೀನಿ! ನಾನು ಇಲ್ಲೇ ಇದ್ದೀನಿ!"

ಅದು ಹಾಸಿಗೆಯ ಆ ಕಡೆಯಿಂದ ಬರುತ್ತಿದ್ದ ತಮಾಷೆಯ ದನಿಯಲ್ಲ. ಗಂಟಲು ಹರಿದುಹೋಗುವಂಥ ದನಿ. ಒಳಗೆ ನುಗ್ಗಿದೆವು. ಅತ್ತಿಗೆ ಮಂಚದ ಮೇಲೆ ಮೊಣಕಾಲೂರಿ, ಗೋಡೆಗೆ ಒರಗಿಸಿದ್ದ ಹಾಸಿಗೆಯನ್ನು ಎರಡೂ ಕೈಯಿಂದ ಗುದ್ದುತ್ತಿದ್ದಳು. ನಮ್ಮನ್ನು ಕಂಡು ಕೈ ಇಳಿಸಿದಳು. ಆಮೇಲೆ ಅತ್ತಳು. ಅವಳು ಅಳುವುದನ್ನು ನಾನು ಅಂದೇ ಮೊದಲು ನೋಡಿದ್ದು. ಅಮ್ಮ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. ಅಣ್ಣ ಚೀಲ ಹಿಡಿದುಕೊಂಡೇ ನಿಂತಿದ್ದ.

ಅಳು ನಿಂತ ಮೇಲೆ ಅವಳೇ ಮಾತಾಡಿದಳು.

"ಗೋದಾಮಿನಲ್ಲಿ ಮೇಲ್ಗಡೆ ಅಗೀತಿದ್ರು. ಗುದ್ದಲಿ ಸದ್ದು, ಕೂಗಾಟ ಎಲ್ಲಾ ಕೇಳಿಸ್ತಿತ್ತು. ಒಂದೊಂದು ಏಟಿಗೂ ನನ್ನ ಮೇಲೆ ಮಣ್ಣು ಉದುರ್ತಿತ್ತು, ಜೀವ ಬಾಯಿಗೆ ಬರ್ತಿತ್ತು. ಆದ್ರೂ ಜನ ಇದ್ದಾರಲ್ಲ ಅಂತ ಕೂಗ್ತಾ ಇದ್ದೆ. ಆಮೇಲೆ ಒಂದ್ಸಲ ಎಲ್ಲಾ ನಿಂತುಹೋಯ್ತು. ಏನೂ ಇಲ್ಲ. ಬಿಟ್ಟು ಹೋದ್ರು ಅಂದ್ಕೊಂಡೆ. ನಾನೂ ಕೂಗೋದು ನಿಲ್ಲಿಸ್ದೆ. ಯಾರಿಗೆ ಅಂತ ಕೂಗೋದು?"

"ಹೋಗಿದ್ರಾ?" ಎಂದ ಅಣ್ಣ.

"ಎಲ್ಲಿ ಹೋಗಿದ್ರು? ಒಳಗೆ ಯಾರಾದ್ರೂ ಇದ್ರೆ ದನಿ ಕೇಳಿಸ್ಲಿ ಅಂತ ಎಲ್ರೂ ಬಾಯಿ ಮುಚ್ಕೊಂಡು ನಿಂತಿದ್ರಂತೆ. ಆಮೇಲೆ ಹೇಳಿದ್ರು. ನನ್ನ ದನಿಗೆ ಅಂತ ಅವ್ರು ಸುಮ್ನೆ, ಅವ್ರಿಲ್ಲ ಅಂತ ನಾನು ಸುಮ್ನೆ. ಇನ್ನು ಸ್ವಲ್ಪ ಹೊತ್ತಾಗಿದ್ರೆ ನಿಜವಾಗ್ಲೂ ಹೋಗ್ತಿದ್ರು."

"ಮತ್ತೆ ಹೇಗೆ ಸಿಕ್ದೆ?" ಎಂದು ಕೇಳಿದೆ.

"ಅವ್ರಲ್ಲಿ ಯಾರೋ ಒಬ್ಬ ಸೀನಿದ" ಎಂದಳು ಅತ್ತಿಗೆ.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಣ್ಣನ ಕೈಯಿಂದ ಚೀಲ ಕೆಳಗಿಳಿಯಿತು.

"ಇಷ್ಟು ವರ್ಷ ಆ ಕತೆ ಹೇಳಿದ್ದೀಯ. ಇದನ್ನ ಮಾತ್ರ ಯಾಕೆ ಹೇಳ್ಲಿಲ್ಲ?" ಎಂದ.

"ಇದ್ರಲ್ಲಿ ನಗೋ ಭಾಗ ಇರ್ಲಿಲ್ವಲ್ಲ" ಎಂದಳು. ಮತ್ತೆ, "ಆ ಸುತ್ತಿಗೆ ಸದ್ದಿಗೆ ಹಲ್ಲು ಕಚ್ಕೊಂಡು ದಿನ ನೂಕಿದ್ದು ನಿಜ ಕಣ್ರೀ. ನಿಂತ ಮೇಲೆ ನೆಮ್ಮದಿಯಾಗಿ ಮಲಗೋಣ ಅಂದ್ರೆ ನೀವೆಲ್ಲಾ ಇದ್ದಕ್ಕಿದ್ದ ಹಾಗೆ ಮಾಯ ಆಗ್ಬಿಟ್ರಿ. ಕಣ್ಣು ಮುಚ್ಚಿದ್ರೆ ಮನೇಲಿ ಯಾರೂ ಇಲ್ಲ ಅನ್ಸೋದು. ಹೇಳೋಣ ಅಂದ್ರೆ ನೀವು ನನಗೋಸ್ಕರ ಕುರ್ಚಿಗೆಲ್ಲ ದಿಂಬು ಕಟ್ಟಿ ಒದ್ದಾಡ್ತಿದ್ರಿ. ಹೇಗೆ ಹೇಳ್ಲಿ? ಹೇಳೋಕೆ ಶಕ್ತೀನೂ ಇರ್ಲಿಲ್ಲ" ಎಂದಳು. ಅಷ್ಟುದ್ದದ ಮಾತು ಆಡಿ ಸುಸ್ತಾಗಿ ಅಮ್ಮನ ಮಡಿಲಲ್ಲೇ ಕಣ್ಣು ಮುಚ್ಚಿದಳು.

ಅಣ್ಣ ಮೊದಲು ಕಿಟಕಿಯ ಹಾಸಿಗೆ ಕಿತ್ತ. ಆಮೇಲೆ ಗೋಡೆಯವು. ಒಂದೊಂದನ್ನೂ ಮೆಟ್ಟಿಲಿನಿಂದ ಕೆಳಗೆ ಉರುಳಿಸಿದ. ಬೀದಿಯ ಸದ್ದೆಲ್ಲ ಒಟ್ಟಿಗೆ ಒಳಗೆ ಬಂತು. ಎದುರಿನ ರೇಡಿಯೋ, ಸೈಕಲ್ ಬೆಲ್ಲು, ಯಾರೋ ಯಾರನ್ನೋ ಬೈಯುವುದು. ಟಿಕೆಟ್ಟು ವಾಪಸ್ಸು ಮಾಡಲು ಅವನು ಓಡುತ್ತಲೇ ಹೋದ. ಅವಳ ಮಂಚವನ್ನು ಕೆಳಗೆ ಕೆಲಸದ ಕೋಣೆಗೆ ಇಳಿಸಿದೆವು.

ಇಲ್ಲೂ ಅಣ್ಣ ಅತಿ ಮಾಡದೆ ಬಿಟ್ಟನೇ? ಸದ್ದು ಬೇಕು ಎಂದ ಮೇಲೆ ಸದ್ದಿನ ಸುರಿಮಳೆ. ನಡೆಯುವಾಗ ಕಾಲು ಅಪ್ಪಳಿಸಿದ, ಅಮ್ಮನ ಕೈಯಲ್ಲಿ ಸುಮ್ಮಸುಮ್ಮನೆ ತಟ್ಟೆ ಬೀಳಿಸಿದ, ತಾನೇ ಏನೇನೋ ಕೂಗಿಕೊಂಡು ತಿರುಗಿದ. ಕೊನೆಗೆ ಅತ್ತಿಗೆಯೇ ಮಂಚದಿಂದ, "ರೀ, ಸಾಕು. ಮನೆಯವರು ಇರೋ ಹಾಗೆ ಇರಿ. ನಾಟಕ ಕಂಪನಿ ಬೇಡ" ಎಂದಳು. ಅದು ಅವಳ ಮೊದಲ ಬೈಗುಳ. ನನಗೆ ಹಬ್ಬವಾದಷ್ಟು ಖುಷಿಯಾಯಿತು.

ಮೊದಲ ನಿದ್ದೆ ಬಂದದ್ದು ಒಂದು ಚೌಕಾಸಿಯ ನಡುವೆ. ಅಣ್ಣ ಮತ್ತು ಒಬ್ಬ ಮೇಷ್ಟ್ರು ಒಂದು ದಿಂಬಿನ ಬೆಲೆಗೆ ಕಚ್ಚಾಡುತ್ತಿದ್ದರು. ನಾನೂ ಅಮ್ಮನೂ ನೂಲಿನ ಉಂಡೆ ಯಾರು ಕಳೆದದ್ದು ಎಂದು ವಾದಿಸುತ್ತಿದ್ದೆವು. ಯಾಕೋ ತಿರುಗಿ ನೋಡಿದರೆ ಅತ್ತಿಗೆಯ ರೆಪ್ಪೆ ಮುಚ್ಚಿದೆ, ತುಟಿ ಸಡಿಲಾಗಿದೆ. ನಾನು ಅಣ್ಣನಿಗೆ ಸನ್ನೆ ಮಾಡಿದೆ. ಅಷ್ಟರಲ್ಲಿ ಮೇಷ್ಟ್ರು, "ಸರಿಯಪ್ಪ, ನೀನು ಹೇಳಿದ ಬೆಲೆಗೇ ಕೊಡು" ಎಂದುಬಿಟ್ಟರು.

"ಒಪ್ಪಬೇಡಿ ಸಾರ್" ಎಂದ ಅಣ್ಣ, ದನಿ ತಗ್ಗಿಸದೆ.

"ಏನು?"

"ಅಷ್ಟು ಬೇಗ ಒಪ್ಪಬೇಡಿ. ಇನ್ನೂ ಸ್ವಲ್ಪ ಹೊತ್ತು ಜಗಳ ಆಡಿ. ನಾನು ಹೇಳಿದ್ದು ಜಾಸ್ತಿ ಆಯ್ತು ಅನ್ನಿ."

ಮೇಷ್ಟ್ರು ಒಳ್ಳೆಯವರು. ಮಂಚದ ಕಡೆ ಒಮ್ಮೆ ನೋಡಿ, ಕೊಡೆ ಪಕ್ಕಕ್ಕಿಟ್ಟು ಕೂತು, ಸಂಜೆಯವರೆಗೂ ಜಗಳವಾಡಿದರು. ಕೊನೆಕೊನೆಗೆ ಅಣ್ಣ ಬೆಲೆ ಇಳಿಸುತ್ತಿದ್ದ, ಅವರು ಏರಿಸುತ್ತಿದ್ದರು. ಅತ್ತಿಗೆ ಏಳಲಿಲ್ಲ.

ಅಲ್ಲಿಂದ ಎಲ್ಲ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಎಷ್ಟೋ ದಿನ ಅವಳು ಬರೀ ಉಂಡಳು, ಮಲಗಿದಳು. ಒಂದು ದಿನ ಗುಂಡಿ ಕಿತ್ತುಬಂತೆಂದು ಅರ್ಧ ದಿನ ಅತ್ತಳು. ಪಕ್ಕದ ಖಾಲಿ ಜಾಗದಲ್ಲಿ ಲಾರಿಯೊಂದು ಮರಳು ಸುರಿದ ದಿನ ಮತ್ತೆ ಮಾತು ಬಿಟ್ಟಳು. ಆ ಮಾತು ವಾಪಸ್ಸು ಬರಲು ಒಂದು ವಾರ ಹಿಡಿಯಿತು. ಡಾಕ್ಟರು ಬಂದು, "ಹೀಗೇ, ಎರಡು ಹೆಜ್ಜೆ ಮುಂದೆ, ಒಂದು ಹಿಂದೆ" ಎಂದು ಧೈರ್ಯ ಹೇಳಿ, "ಅವರನ್ನೇ ಕೇಳಿ ಅಂದಿದ್ದೆನಲ್ಲ" ಎಂದು ಅಣ್ಣನ ಕಡೆ ನೋಡಿದರು. ಅಣ್ಣ ಹಿಂಜುವ ಯಂತ್ರದಲ್ಲಿ ಏನೋ ಕೆಟ್ಟಿದೆ ಎಂದು ಅದರೊಳಗೆ ತಲೆ ಹಾಕಿದ.

ಅತ್ತಿಗೆ ಮೊದಲು ಚಿಕ್ಕ ದಿಂಬುಗಳಿಗೆ ಕೈ ಹಾಕಿದಳು. ಆಮೇಲೆ ಒಂದು ದಿನ ಹಾಸಿಗೆಯ ಆ ಕಡೆ ಹೋಗಿ ಕೂತಳು. ದಬ್ಬಳ ಈ ಕಡೆ ಮೂತಿ ತೋರಿಸಿತು. ನೂಲು ಹದವಾಗಿತ್ತು, ಬಿಗಿಯಿರಲಿಲ್ಲ. ಮಾತೂ ಬಂತು. ಮೊದಲ ದಿನ ಹನಿ ಹನಿ, ವಾರ ಕಳೆದ ಮೇಲೆ ಧಾರೆ, ತಿಂಗಳು ಕಳೆಯುವ ಹೊತ್ತಿಗೆ ನನಗೆ ಮತ್ತೆ ತಲೆ ಚಿಟ್ಟು ಹಿಡಿಯಿತು. ಆದರೂ ಮಧ್ಯಾಹ್ನ ಅವಳು ಮಂಚಕ್ಕೆ ಒರಗಿದಾಗ ನಮ್ಮಲ್ಲಿ ಯಾರಾದರೂ ಒಬ್ಬರು ಏನಾದರೊಂದು ಮಾತಾಡುತ್ತಲೇ ಇರಬೇಕಿತ್ತು. ಸದ್ದು ನಿಂತರೆ ಸಾಕು, ಅವಳು ಎದ್ದು ಕೂತು, "ಎಲ್ಲಿ ಹೋದ್ರಿ ಎಲ್ಲಾ?" ಎನ್ನುತ್ತಿದ್ದಳು. ಆಗ ನಾನು ಒಂದು ಸೀನು ಸೀನುತ್ತಿದ್ದೆ. ಬರದಿದ್ದರೆ ಅರಳೆಯ ಎಳೆ ಹಾಕಿ ಬರಿಸಿಕೊಳ್ಳುತ್ತಿದ್ದೆ. ಅವಳು "ಇದ್ದೀನಿ" ಎಂದು ಮತ್ತೆ ಮಲಗುತ್ತಿದ್ದಳು.

ಮೊನ್ನೆ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಹಿಂಜುವ ಯಂತ್ರ ಗರ್ ಎಂದು ನಿಂತಿತು. ಎದುರಿನ ರೇಡಿಯೋ ನಿಂತಿತು. ಅಣ್ಣ ಅರಳೆ ತರಲು ಹೋಗಿದ್ದ, ಅಮ್ಮ ಮೇಲೆ ಮಲಗಿದ್ದಳು. ಬೀದಿಯಲ್ಲಿ ಒಂದು ಸೈಕಲ್ಲೂ ಇಲ್ಲ. ನಾನು ಹಾಸಿಗೆಯ ಈ ಕಡೆ ಒಬ್ಬಳೇ ಗಂಟು ಬಿಡಿಸುತ್ತ ಕೂತಿದ್ದೆ. ಅತ್ತಿಗೆಯ ಮಂಚ ಆ ಕಡೆ. ಇಷ್ಟು ಸದ್ದಿಲ್ಲದ ಹೊತ್ತು ಆ ಶನಿವಾರದಿಂದೀಚೆಗೆ ನಮ್ಮ ಮನೆಯಲ್ಲಿ ಬಂದಿರಲಿಲ್ಲ. ಈಗ ಏಳುತ್ತಾಳೆ, ಈಗ ಹೆದರುತ್ತಾಳೆ ಎಂದುಕೊಂಡೆ. ಗಡಿಬಿಡಿಯಲ್ಲಿ ಅರಳೆಯ ಒಂದು ಎಳೆ ಕಿತ್ತು ಮೂಗಿಗೆ ಹಾಕಿಕೊಂಡೆ. ಸೀನು ಮೆಲ್ಲಗೆ ಏರತೊಡಗಿತು. ಹಾಸಿಗೆಯ ಮೇಲಿನಿಂದ ಕತ್ತು ಚಾಚಿ ನೋಡಿದೆ.

ಅತ್ತಿಗೆ ಮಲಗಿದ್ದಳು. ಬಾಯಿ ಅರೆ ತೆರೆದು, ಒಂದು ಕೈ ಮಂಚದಿಂದ ಕೆಳಗೆ ಜೋತುಬಿದ್ದು, ಆ ಸದ್ದಿಲ್ಲದ ಕೋಣೆಯಲ್ಲಿ ಮಗುವಿನ ಹಾಗೆ ಮಲಗಿದ್ದಳು. ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಇದಕ್ಕಿಂತ ಸಂತೋಷ ನನಗೆ ಯಾವತ್ತೂ ಆಗಿಲ್ಲ.

ಸೀನು ಮೂಗಿನ ತುದಿಗೆ ಬಂದು ನಿಂತಿತ್ತು. ಎರಡೂ ಕೈಯಿಂದ ಮೂಗನ್ನು ಬಿಗಿಯಾಗಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಹಾಸಿಗೆಯ ಈ ಕಡೆ ಕುಕ್ಕರಿಸಿದೆ. ಕರೆಂಟು ಬರುವವರೆಗೂ ಕೈ ತೆಗೆಯಲಿಲ್ಲ. ಹುಟ್ಟಿದಾಗಿನಿಂದ ನಾನು ತಡೆದ ಸೀನು ಅದೊಂದೇ.